ಕೆರೆಯ ಸಿಗಡಿಯ ಲೆಕ್ಕ: ಕೊನೆಯ ಮಡುವಿನಲ್ಲಿ ಎಷ್ಟು ಉಳಿಸಬೇಕು?



ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಸಣ್ಣ ಕೆರೆಗಳು ಬತ್ತುತ್ತ ಬಂದು, ತೂಬಿನ ಮುಂದಿನ ತಗ್ಗಿನಲ್ಲಿ ಮೊಣಕಾಲುದ್ದ ನೀರು ಉಳಿದಾಗ, ಊರ ಜನರು ಬುಟ್ಟಿ, ಬಲೆ, ಹಳೆಯ ಸೀರೆ ತೆಗೆದುಕೊಂಡು ಅಲ್ಲಿಗೆ ಹೋಗುವದು ಮೊದಲಿನಿಂದ ನಡೆದುಬಂದ ರೂಢಿ. ಒಂದು ತಾಸಿನಲ್ಲಿ ಬುಟ್ಟಿ ತುಂಬ ಸಿಗಡಿ ಸಿಗುವದು. ಈ ವರ್ಷ ಕೆರೆಯಲ್ಲಿ ಸಿಗಡಿ ಭರಪೂರ ಇದೆಯೆಂದು ಎಲ್ಲರಿಗೂ ಸಂತೋಷ. ಆದರೆ ಮಳೆ ಬಂದು ಕೆರೆ ತುಂಬಿ, ದೀಪಾವಳಿ ದಾಟಿದ ಮೇಲೆ ಅದೇ ಕೆರೆಯಲ್ಲಿ ಬಲೆ ಎಳೆದರೆ ಕೈಗೆ ಹತ್ತುವದು ಬರಿ ಪಾಚಿ. ಅಷ್ಟು ಇದ್ದ ಸಿಗಡಿ ಎಲ್ಲಿ ಹೋಯಿತು ಎಂದು ಆಗ ಕೇಳುವರು.

ಇಂಥದೇ ಒಂದು ಮಡುವಿನ ದಂಡೆಯ ಮೇಲೆ ಹಿರಿಯರೊಬ್ಬರು ನನಗೆ ಕೇಳಿದರು: “ತಮ್ಮಾ, ಹೊಲದಾಗಿನ ಪೀಕಿನ ಲೆಕ್ಕ ಹಾಕಬಹುದು. ನೀರಾಗ ಅಡಗಿದ ಜೀವದ ಲೆಕ್ಕ ಯಾರು ಇಡತಾರ?”

“ಅಜ್ಜಾರ, ಅದಕ್ಕೂ ಲೆಕ್ಕ ಐತ್ರಿ. ಹೊಲದ ಲೆಕ್ಕಕ್ಕಿಂತ ಭಾಳ ಬ್ಯಾರೆ ಏನಲ್ಲ” ಎಂದೆ. ಅಂದು ಬಿಸಿಲಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.

ಎರಡು ಬಗೆಯ ಸಿಗಡಿ

ಮೊದಲು ತಿಳಿಯಬೇಕಾದದ್ದು ಏನೆಂದರೆ, ಸಿಹಿನೀರಿನ ಸಿಗಡಿಗಳೆಲ್ಲ ಒಂದೇ ಸ್ವಭಾವದವಲ್ಲ. ನಮ್ಮ ಒಳನಾಡಿನ ಕೆರೆ ಹಳ್ಳಗಳಲ್ಲಿ ಯಾರೂ ತಂದು ಬಿಡದೆ ತಾವಾಗಿಯೇ ಇರುವವು ಸಣ್ಣ ಜಾತಿಯವು. ಎರಡು ಮೂರು ಅಂಗುಲಕ್ಕಿಂತ ದೊಡ್ಡವು ಅಪರೂಪ. ಮೈ ತೆಳುವು, ಬೆಳಕಿಗೆ ಹಿಡಿದರೆ ಒಳಗಿನದೆಲ್ಲ ಕಾಣುವಂಥದು. ಶಾಸ್ತ್ರಜ್ಞರು ಲಮಾರೈ ಎಂದು ಕರೆಯುವ ಜಾತಿ ಇಂಥವುಗಳಲ್ಲಿ ಒಂದು. ಇವುಗಳ ಹುಟ್ಟು, ಬೆಳವಣಿಗೆ, ಸಾವು ಎಲ್ಲವೂ ಸಿಹಿನೀರಿನಲ್ಲಿಯೇ ಆಗುವದು. ಹಗಲು ಹೊತ್ತು ದಂಡೆಯ ಹುಲ್ಲು, ಜೊಂಡು, ಬೇರುಗಳ ಸಂದಿಯಲ್ಲಿ ಅಡಗಿದ್ದು ರಾತ್ರಿ ಹೊರಬರುವವು. ಕೊಳೆತ ಎಲೆ, ಪಾಚಿ, ನೀರಿನ ಸಣ್ಣ ಹುಳ ಇವೇ ಅವುಗಳ ಆಹಾರ. ಕೊರವ ಮೀನು, ಕೊಕ್ಕರೆ, ನೀರುಕಾಗೆಗಳಿಗೆ ಅವು ತಾವೇ ಆಹಾರ.

ಹೆಣ್ಣು ಸಿಗಡಿ ಮೀನಿನಂತೆ ತತ್ತಿಗಳನ್ನು ನೀರಿನಲ್ಲಿ ಚೆಲ್ಲಿ ಹೋಗುವದಿಲ್ಲ. ಹೊಟ್ಟೆಯ ಕೆಳಗಿನ ಸಣ್ಣ ಕಾಲುಗಳಿಗೆ ಅವುಗಳನ್ನು ಅಂಟಿಸಿಕೊಂಡು, ಕಾಲು ಬೀಸಿ ಗಾಳಿಯಾಡಿಸುತ್ತ, ಮರಿಯಾಗುವವರೆಗೆ ಹೊತ್ತು ತಿರುಗುವದು. ಸಣ್ಣ ಜಾತಿಗಳಲ್ಲಿ ಒಂದು ಸಲದ ತತ್ತಿ ಕೆಲವು ಹತ್ತು, ಹೆಚ್ಚೆಂದರೆ ನೂರರ ಲೆಕ್ಕದಲ್ಲಿ. ಈ ಮಾತನ್ನು ನೆನಪಿನಲ್ಲಿಡಬೇಕು. ಲಕ್ಷಗಟ್ಟಲೆ ತತ್ತಿಯಿಡುವ ಕಟ್ಲಾ, ರೋಹು ಮೀನುಗಳಂತೆ ಇದಕ್ಕೆ ತತ್ತಿಯ ಸುಗ್ಗಿಯಿಲ್ಲ. ತತ್ತಿ ಹೊತ್ತ ಒಂದು ಹೆಣ್ಣು ಬುಟ್ಟಿಗೆ ಬಿದ್ದರೆ ಅದರೊಡನೆ ಅದರ ಇಡೀ ಸಂಸಾರವೂ ಬುಟ್ಟಿಗೇ ಬಿದ್ದಂತೆ.

ಇನ್ನೊಂದು ದೊಡ್ಡ ಸಿಗಡಿ. ಪೇಟೆಯಲ್ಲಿ ಸ್ಕ್ಯಾಂಪಿ ಎನ್ನುವರು, ಶಾಸ್ತ್ರದ ಹೆಸರು ಮ್ಯಾಕ್ರೊಬ್ರಾಕಿಯಮ್ ರೋಸೆನ್‌ಬರ್ಗಿ. ಗಂಡು ಗೇಣುದ್ದ ಮೀರಿ ಬೆಳೆಯುವದು, ಉದ್ದನ್ನ ನೀಲಿ ಕೈಗಳು. ಬೆಳೆಯುವದು ಸಿಹಿನೀರಿನಲ್ಲಿ. ಆದರೆ ತತ್ತಿಯೊಡೆದ ಮರಿಗಳು ಮೊದಲ ನಾಲ್ಕಾರು ವಾರ ಸಮುದ್ರದ ಉಪ್ಪು ಬೆರೆತ ಸವುಳು ನೀರಿನಲ್ಲಿ ಇರಲೇಬೇಕು, ಇಲ್ಲವಾದರೆ ಸಾಯುವವು. ಈ ಗುಟ್ಟನ್ನು 1961ರಲ್ಲಿ ಮಲಯಾದ ಪೆನಾಂಗಿನಲ್ಲಿ ಶಾವೊ-ವೆನ್ ಲಿಂಗ್ ಎಂಬ ವಿಜ್ಞಾನಿ ಕಂಡುಹಿಡಿದ ಮೇಲೆಯೇ ಮರಿಗಳನ್ನು ತೊಟ್ಟಿಯಲ್ಲಿ ಎಬ್ಬಿಸುವ ಉದ್ಯೋಗ ಜಗತ್ತಿನಲ್ಲಿ ಬೆಳೆಯಿತು.

ನಮ್ಮ ಧಾರವಾಡ ಸೀಮೆಯಂತೂ ನೀರು ಎರಡು ಕಡೆಗೆ ಹಂಚಿಹೋಗುವ ದಿನ್ನೆ. ಪಡುವಣ ಕಡೆ ಬಿದ್ದ ಮಳೆ ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಸುಮಾರು 600 ಅಡಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗುವದು. ಮೂಡಣ ಕಡೆಯದು ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಮೂಲಕ ಮಲಪ್ರಭೆಗೂ, ಅಲ್ಲಿಂದ ಕೂಡಲಸಂಗಮದಲ್ಲಿ ಕೃಷ್ಣೆಗೂ ಕೂಡಿ ಬಂಗಾಲ ಉಪಸಾಗರಕ್ಕೆ ಮುಟ್ಟುವದು. ಅತ್ತ ಜಲಪಾತ ಅಡ್ಡ, ಇತ್ತ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳು ಅಡ್ಡ. ಆದುದರಿಂದ ಸವುಳು ನೀರು ಬೇಡುವ ದೊಡ್ಡ ಸಿಗಡಿ ತಾನಾಗಿ ನಮ್ಮ ಕೆರೆಗೆ ಏರಿ ಬರಲಾರದು. ತಂದು ಬಿಟ್ಟರೆ ಬೆಳೆದೀತು, ತತ್ತಿ ಹೊತ್ತೀತು, ಆದರೆ ಅದರ ಸಂತಾನ ಇಲ್ಲಿ ಉಳಿಯದು.

ಈ ಭೇದ ತಿಳಿಯದೆ ಕೆಲವರು ಮೋಸಹೋಗುವರು. “ಒಮ್ಮೆ ಮರಿ ಬಿಟ್ಟರೆ ಸಾಕು, ಮುಂದೆ ವರ್ಷ ವರ್ಷವೂ ತಾನೇ ಹೆಚ್ಚುವದು” ಎಂದು ಹೇಳಿ ಸ್ಕ್ಯಾಂಪಿ ಮರಿ ಮಾರುವವರ ಮಾತನ್ನು ನಂಬಬಾರದು. ಹತ್ತಿ ಬೆಳೆಯುವವರಿಗೆ ಇದನ್ನು ತಿಳಿಯುವದು ಸುಲಭ. 1972ರಲ್ಲಿ ನಮ್ಮ ಧಾರವಾಡದಲ್ಲಿಯೇ ಡಾ. ಬಿ. ಎಚ್. ಕಟರ್ಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಕೊಂಡು ತರಬೇಕು. ಜವಾರಿ ಜೋಳದ ಬೀಜವನ್ನಾದರೋ ಮನೆಯಲ್ಲಿಯೇ ತೆಗೆದಿಡುವೆವು. ದೊಡ್ಡ ಸಿಗಡಿ, ಕಟ್ಲಾ, ರೋಹು ಇವು ಕೊಂಡು ತರುವ ಬೀಜ. ದೊಡ್ಡವಾದ ಮೇಲೆ ಕೆರೆಯಿಂದ ಎಲ್ಲವನ್ನೂ ಹಿಡಿದು ಮಾರಿದರೂ ತಪ್ಪಿಲ್ಲ, ಉಳಿಸಿ ಲಾಭವೂ ಇಲ್ಲ. ಸಣ್ಣ ಸಿಗಡಿ ಮನೆಯ ಬೀಜ. ಅದನ್ನು ಪೂರ್ತಿ ತೆಗೆದರೆ ಮುಂದಿನ ವರ್ಷ ಬಿತ್ತಲಿಕ್ಕೆ ಇಲ್ಲ. ಒಂದೇ ಕೆರೆಯಲ್ಲಿ ಈ ಎರಡೂ ಲೆಕ್ಕ ಬೇರೆ ಬೇರೆಯಾಗಿ ನಡೆಯುವವು ಎಂಬದು ಗುತ್ತಿಗೆ ಹಿಡಿದವರಿಗೂ ಅನೇಕ ಸಲ ಹೊಳೆಯುವದಿಲ್ಲ.

ಹತ್ತು ಸಾವಿರದ ಹೆಚ್ಚಳ

ಈಗ ಲೆಕ್ಕಕ್ಕೆ ಬರೋಣ. ಒಂದು ಕೆರೆಯಲ್ಲಿ ಇರುವ ತಿನಿಸು, ಅಡಗುವ ಜಾಗ, ನೀರು ಇವುಗಳ ಮೇಲಿಂದ ಇಂತಿಷ್ಟೇ ಸಿಗಡಿ ಇರಲು ಸಾಧ್ಯವೆಂದು ಒಂದು ಮೇರೆ ಇರುವದು. ತಿಳಿಯುವ ಸಲುವಾಗಿ ಆ ಮೇರೆ ಒಂದು ಲಕ್ಷ ಎಂದು ಇಟ್ಟುಕೊಳ್ಳೋಣ. ಇದು ಯಾವ ಕೆರೆಯದೂ ಎಣಿಸಿದ ಅಂಕಿಯಲ್ಲ, ಪಾಟಿಯ ಮೇಲಿನ ಲೆಕ್ಕ.

ಕೆರೆಯಲ್ಲಿ 10 ಸಾವಿರ ಮಾತ್ರ ಉಳಿದಿದ್ದರೆ ತಿನಿಸು ಬೇಕಾದಷ್ಟು ಇದ್ದರೂ ಹೆರುವ ಹೆಣ್ಣುಗಳೇ ಕಡಿಮೆ. ಆದುದರಿಂದ ವರ್ಷದಲ್ಲಿ ಹೆಚ್ಚುವದು ಸುಮಾರು 18 ಸಾವಿರ. 90 ಸಾವಿರ ಇದ್ದರೆ ಹೆಣ್ಣುಗಳು ಹೆಚ್ಚು. ಆದರೆ ಕಿಕ್ಕಿರಿದು ತಿನಿಸು ಸಾಲದು. ಸಿಗಡಿ ಬೆಳೆಯುವಾಗ ಮೇಲಿನ ಪೊರೆ ಕಳಚುವದು, ಆಗ ಮೈ ಮೆತ್ತಗಿರುವದರಿಂದ ಬೇರೆ ಸಿಗಡಿಗಳೇ ಅದನ್ನು ತಿಂದುಬಿಡುವವು. ಅದಕ್ಕಾಗಿ ಇಲ್ಲಿಯೂ ಹೆಚ್ಚಳ 18 ಸಾವಿರವೇ. ಅರ್ಧ, ಅಂದರೆ 50 ಸಾವಿರ ಇದ್ದಾಗ ಹೆಚ್ಚಳ ಎಲ್ಲಕ್ಕೂ ದೊಡ್ಡದು, 50 ಸಾವಿರ. ದಟ್ಟವಾಗಿ ಬಿತ್ತಿದ ಜೋಳವೂ ಕೆಟ್ಟಿತು, ತೀರ ವಿರಳವಾದರೂ ಕೆಟ್ಟಿತು ಎಂಬಂತೆಯೇ ಇದು.

ಬೇಸಿಗೆಯ ಕೊನೆಗೆ 50 ಸಾವಿರ ಉಳಿಸಿದರೆ ಮುಂದಿನ ವರ್ಷಕ್ಕೆ ಅದು ಒಂದು ಲಕ್ಷವಾಗುವದು. ಅದರಲ್ಲಿ 50 ಸಾವಿರ ಹಿಡಿದರೆ ಮತ್ತೆ 50 ಉಳಿಯಿತು. ಹೀಗೆ ವರ್ಷ ವರ್ಷವೂ ನಡೆದೀತು. ಈಗ ಯಾರೋ ಒಬ್ಬರು 50ರ ಬದಲು 60 ಸಾವಿರ ಹಿಡಿಯತೊಡಗಿದರೆನ್ನೋಣ. ಹೆಚ್ಚು ಹಿಡಿದದ್ದು 10 ಸಾವಿರ ಮಾತ್ರ. ಮೊದಲನೆಯ ವರ್ಷ ಒಂದು ಲಕ್ಷದಲ್ಲಿ 60 ಹೋಗಿ ಉಳಿದದ್ದು 40 ಸಾವಿರ. ಅದಕ್ಕೆ ಹೆಚ್ಚಳ 48 ಸಾವಿರ ಕೂಡಿ 88. ಎರಡನೆಯ ವರ್ಷ 60 ಹಿಡಿದರೆ ಉಳಿಯುವದು 28 ಸಾವಿರ. ಅದಕ್ಕೆ ಹೆಚ್ಚಳ ಸುಮಾರು 40 ಕೂಡಿ 68. ಮೂರನೆಯ ವರ್ಷವೂ 60 ಸಿಕ್ಕಿತು; ಉಳಿದದ್ದು ಮಾತ್ರ 8 ಸಾವಿರ. ನಾಲ್ಕನೆಯ ವರ್ಷ ಕೆರೆಯಲ್ಲಿ ಇರುವದೇ 23 ಸಾವಿರ.

ಇಲ್ಲಿ ಗಮನಿಸಬೇಕಾದ ಸಂಗತಿ ಹೀಗಿದೆ: ಮೂರು ವರ್ಷ ಹಿಡಿದವನ ಬುಟ್ಟಿ ಒಂದು ಹಿಡಿಯಷ್ಟೂ ಕಡಿಮೆಯಾಗಲಿಲ್ಲ. ಮೂರು ವರ್ಷವೂ 60ಕ್ಕೆ 60 ಬಂದಿತು. ಬುಟ್ಟಿಯನ್ನು ನೋಡಿ ಕೆರೆಯ ಸ್ಥಿತಿಯನ್ನು ಅಳೆದವನಿಗೆ ನಾಲ್ಕನೆಯ ವರ್ಷ ಸಿಡಿಲು ಹೊಡೆದಂತೆ ಆಗುವದು. ಹಗೇವಿನಲ್ಲಿಯ ಜೋಳ ಮೇಲಿನಿಂದ ತೆಗೆಯುವಾಗ ಎಷ್ಟು ತೆಗೆದೆವೆಂಬದು ಕಾಣುವದು, ತಳದಲ್ಲಿ ಎಷ್ಟು ಉಳಿಯಿತೆಂಬದು ಒಳಗೆ ಇಳಿದವನಿಗೇ ಗೊತ್ತು.

ನಮ್ಮ ಕಡೆ ಅರ್ಧ ಉಳಿಸಿದರೂ ಸಾಲದೆಂದು ನನ್ನ ಅಭಿಪ್ರಾಯ. ಮೇಲಿನ ಲೆಕ್ಕದಲ್ಲಿ ಪ್ರತಿ ವರ್ಷ ಮಳೆ ಸರಿಯಾಗಿ ಆಗುವದೆಂದು ಹಿಡಿದಿದೆ. ಮಳೆ ಕೈಕೊಟ್ಟ 2016 ಮತ್ತು 2017ರ ವರ್ಷಗಳಲ್ಲಿ ನೀರಸಾಗರದಂಥ ಜಲಾಶಯವೇ ಬತ್ತಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷ ಕೆರೆಯ ಮೇರೆಯೇ ಒಂದು ಲಕ್ಷದಿಂದ ಹತ್ತು ಸಾವಿರಕ್ಕೆ ಇಳಿಯಬಹುದು. ಮರುವರ್ಷ ಅಷ್ಟರಿಂದಲೇ ಮೇಲೆ ಬರಬೇಕು. 2019ರ ಆಗಸ್ಟಿನಂತೆ ಹಳ್ಳಗಳು ಉಕ್ಕಿ ಹರಿದರೆ ಮೇಲಿನ ಕೆರೆಯ ಸಿಗಡಿ ಕೋಡಿಯ ಮೇಲೆ ಹಾದು ಕೆಳಗಿನ ಕೆರೆಗೆ ಬರುವದುಂಟು. ಆದರೆ ಮೇಲಿನ ಕೆರೆಯವರೂ ತಮ್ಮ ಮಡುವನ್ನು ಗುಡಿಸಿ ತೆಗೆದಿದ್ದರೆ ಬರಲಿಕ್ಕೆ ಏನಿದೆ?

ಮಡು ಮಾಡುವ ಮೋಸ

ಇನ್ನು ಬೇಸಿಗೆಯ ಬುಟ್ಟಿ ಏಕೆ ತುಂಬುವದು? ಕೆರೆಯ ನೀರು ಇಪ್ಪತ್ತು ಎಕರೆಯಿಂದ ಅರ್ಧ ಎಕರೆಗೆ ಇಳಿದಾಗ ಇಡೀ ಕೆರೆಯ ಸಿಗಡಿ ಅಲ್ಲಿಯೇ ಬಂದು ಕೂಡುವದು. ಸಂಖ್ಯೆ ವರ್ಷದಲ್ಲಿಯೇ ಅತಿ ಕಡಿಮೆ ಇರುವ ಕಾಲಕ್ಕೆ ಬಲೆಗೆ ಬೀಳುವದು ಅತಿ ಹೆಚ್ಚು. ಜಾತ್ರೆಯ ದಿನ ಗುಡಿಯ ಮುಂದೆ ನಿಂತು ಊರಿನ ಜನಸಂಖ್ಯೆ ಹೇಳಿದಂತೆ ಇದು.

ಈ ಮೋಸಕ್ಕೆ ದೊಡ್ಡ ದೊಡ್ಡವರೂ ಸಿಕ್ಕಿದ್ದಾರೆ. ಕೆನಡಾ ದೇಶದ ನ್ಯೂಫೌಂಡ್‌ಲೆಂಡಿನ ಸಮುದ್ರದಲ್ಲಿ ಕಾಡ್ ಎಂಬ ಮೀನು ಕಡಿಮೆಯಾಗುತ್ತ ಹೋದರೂ ಉಳಿದವು ಗುಂಪುಗೂಡುತ್ತಿದ್ದುದರಿಂದ ಹಡಗುಗಳ ಬಲೆ ತುಂಬುತ್ತಲೇ ಇತ್ತು. ಬಲೆ ತುಂಬುವದನ್ನು ನೋಡಿ ಮೀನು ಸಾಕಷ್ಟಿದೆ ಎಂದು ಎಣಿಸಿದರು. 1992ರಲ್ಲಿ ಅಲ್ಲಿಯ ಸರಕಾರ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಗಿ, ಸಾವಿರಾರು ಮನೆತನಗಳ ಉದ್ಯೋಗ ಹೋಯಿತು.

ಸಿಗಡಿಯ ಮಾತಿಗೇ ಬಂದರೆ ನೆರೆಯ ಕೇರಳದ ವೆಂಬನಾಡ್ ಸರೋವರವಿದೆ. ಅಲ್ಲಿ 1960ರ ದಶಕದಲ್ಲಿ ದೊಡ್ಡ ಸಿಗಡಿ ವರ್ಷಕ್ಕೆ 400 ಟನ್ನಿಗೂ ಮೇಲೆ ಸಿಗುತ್ತಿತ್ತು. 1990ರ ಸುಮಾರಿಗೆ ಅದು 40 ಟನ್ನಿನ ಹತ್ತಿರ ಬಂದಿತು. ಹಿಡಿಯುವವರ ಒತ್ತಡ ಒಂದು ಕಾರಣ. ತತ್ತಿ ಹೊತ್ತ ಹೆಣ್ಣುಗಳನ್ನೂ ಎಳೆಯ ಮರಿಗಳನ್ನೂ ಬಿಡದೆ ಹಿಡಿದರು. ಆದರೆ ಅದೊಂದೇ ಅಲ್ಲ. ಕುಟ್ಟನಾಡಿನ ಭತ್ತದ ಗದ್ದೆಗೆ ಉಪ್ಪು ನೀರು ನುಗ್ಗಬಾರದೆಂದು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಎಂಬಲ್ಲಿ ಸರೋವರಕ್ಕೆ ಅಡ್ಡಲಾಗಿ ಒಡ್ಡು ಹಾಕಿದರು. ಒಡ್ಡಿನ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಮರಿಗಳು ಸವುಳು ನೀರಿನಿಂದ ಮೇಲಕ್ಕೆ ಬರುವ ದಾರಿ ಕಟ್ಟಿತು. ಸರೋವರದ ಅಂಚನ್ನು ತುಂಬಿ ಭೂಮಿ ಮಾಡಿದ್ದು, ಹೊಲಸು ನೀರು ಬಿಟ್ಟದ್ದು ಇವೂ ಸೇರಿದವು. ಒಬ್ಬ ರೈತನ ಒಳ್ಳೆಯದಕ್ಕಾಗಿ ಮಾಡಿದ ಕೆಲಸ ಇನ್ನೊಬ್ಬ ದುಡಿಯುವವನ ಅನ್ನಕ್ಕೆ ಹೇಗೆ ತಟ್ಟುವದೆಂಬದು ಅಲ್ಲಿ ಕಾಣುವದು.

ಎಣಿಸುವ ಉಪಾಯ

ಮಡುವಿನಲ್ಲಿ ಎಷ್ಟಿದೆ ಎಂದು ತಿಳಿಯಲು ಎಲ್ಲವನ್ನೂ ಹಿಡಿದು ಎಣಿಸಬೇಕಾಗಿಲ್ಲ. ಮೂರು ದಿನ ಅದೇ ಬಲೆಯನ್ನು ಅದೇ ಹೊತ್ತಿಗೆ ಅಷ್ಟೇ ಸಲ ಎಳೆಯಿರಿ. ಮೊದಲ ದಿನ 6 ಕಿಲೋ ಬಂದಿತು, ಎರಡನೆಯ ದಿನ 5 ಕಿಲೋ ಬಂದಿತು ಎನ್ನೋಣ. ಅಂದರೆ 6 ಕಿಲೋ ತೆಗೆದದ್ದಕ್ಕೆ ಬಲೆಗೆ ಬೀಳುವದು ಆರರಲ್ಲಿ ಒಂದು ಪಾಲು ಇಳಿಯಿತು. ಹಾಗಾದರೆ ತೆಗೆದ ಆ 6 ಕಿಲೋ ಒಟ್ಟಿನ ಆರರಲ್ಲಿ ಒಂದು ಪಾಲು; ಮೊದಲು ಮಡುವಿನಲ್ಲಿ ಇದ್ದದ್ದು 36 ಕಿಲೋದ ಆಸುಪಾಸು. ಮೂರನೆಯ ದಿನ 4 ಕಿಲೋ ಚಿಲ್ಲರೆ ಬಂದರೆ ನಿಮ್ಮ ಲೆಕ್ಕ ಸರಿ. ಆಗ 15 ಕಿಲೋ ತೆಗೆದಿರುವಿರಿ, ಇನ್ನು 3 ಕಿಲೋಕ್ಕೆ ಅರ್ಧ ಮುಟ್ಟುವದು. ಅಲ್ಲಿಗೆ ಕೈ ಬಿಡಬೇಕು. ಈ ಲೆಕ್ಕವನ್ನು ಮೂರು ದಿನದೊಳಗೇ ಮುಗಿಸಬೇಕು, ಏಕೆಂದರೆ ನೀರು ಇನ್ನೂ ಕುಗ್ಗಿದರೆ ಮತ್ತೆ ಜಾತ್ರೆಯ ಮೋಸವೇ ಆಗುವದು.

ಮೀನಿಗೆ ಗುರುತು ಮಾಡಿ ಬಿಟ್ಟು ಮತ್ತೆ ಹಿಡಿದು ಎಣಿಸುವ ಇನ್ನೊಂದು ಪದ್ಧತಿಯೂ ಇದೆ. ಆದರೆ ಸಿಗಡಿಯ ಮೈಗೆ ಬಣ್ಣ ಹಚ್ಚಿದರೆ ಪೊರೆ ಕಳಚುವಾಗ ಬಣ್ಣವೂ ಹೋಗುವದು. ನಮಗೆ ಅದು ಬೇಡ.

ತುಂಬಿದ ಕೆರೆಯ ಸ್ಥಿತಿ ತಿಳಿಯಬೇಕಾದರೆ ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಡಿಸೆಂಬರ್ ಅನುಕೂಲ, ಒಂದು ಬಲೆಗೆ ಒಂದು ತಾಸಿಗೆ ಎಷ್ಟು ಬಂದಿತೆಂದು ಒಂದು ವಹಿಯಲ್ಲಿ ಬರೆದಿಡಬೇಕು. ಒಟ್ಟು ಎಷ್ಟು ಮಾರಿದೆವು ಎಂಬ ಲೆಕ್ಕಕ್ಕಿಂತ ಇದು ಬೆಲೆಯುಳ್ಳದ್ದು. ಒಟ್ಟು ಅಷ್ಟೇ ಇದ್ದು ತಾಸಿನ ಅಳತೆ ಇಳಿಯುತ್ತಿದ್ದರೆ, ಅಷ್ಟನ್ನೇ ಹಿಡಿಯಲು ಹೆಚ್ಚು ಬಲೆ ಹೆಚ್ಚು ಹೊತ್ತು ಬೀಳುತ್ತಿದೆ ಎಂದಾಯಿತು.

ಕೆರೆಗೆ ತಟ್ಟುವ ಬೇರೆ ಒತ್ತಡ

ಹಿಡಿಯದಿದ್ದರೂ ಸಿಗಡಿ ಸಾಯುವ ಕಾರಣಗಳಲ್ಲಿ ನಮ್ಮ ಕೈಯಲ್ಲಿರುವದು ಔಷಧ. ಸಿಗಡಿ ಮೀನಿನ ಕುಲದ್ದಲ್ಲ. ಹುಳುಹುಪ್ಪಡಿಗಳ ಹತ್ತಿರದ ನೆಂಟ. ಕಾಯಿಕೊರಕವನ್ನು ಕೊಲ್ಲುವ ಔಷಧ ಮೀನಿಗೆ ತಟ್ಟುವ ಮೊದಲೇ ಸಿಗಡಿಯನ್ನು ಕೊಲ್ಲುವದು. ಎಂಡೋಸಲ್ಫಾನ್ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ನಿಂತಿತು. ಆದರೆ ಸೈಪರ್‌ಮೆಥ್ರಿನ್ ಮೊದಲಾದ ಔಷಧಗಳೂ ಸಿಗಡಿಗೆ ಅತಿ ಸ್ವಲ್ಪದರಲ್ಲಿಯೇ ವಿಷ. ಹೊಲಕ್ಕೆ ಹೊಡೆದು ಬಂದು ಪಂಪನ್ನು ಕೆರೆಯ ದಂಡೆಯಲ್ಲಿ ತೊಳೆಯುವದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತತ್ತಿ ಹೊತ್ತ ಹೆಣ್ಣುಗಳು ಇರುವದೂ ಆ ದಂಡೆಯ ಹುಲ್ಲಿನಲ್ಲಿಯೇ. ಪಂಪನ್ನು ಹೊಲದಲ್ಲಿಯೇ ತೊಳೆದು, ನೀರನ್ನು ಅಲ್ಲಿಯೇ ಚೆಲ್ಲಬೇಕು.

ಅಂತರಗಂಗೆ ಸ್ವಲ್ಪ ಇದ್ದರೆ ಅಡಗಲು ನೆರಳು. ಉಣಕಲ್ ಕೆರೆಯಲ್ಲಿ ಕಂಡಂತೆ ನೀರಿನ ಮೇಲೆ ಹಾಸಿಕೊಂಡರೆ ಕೆಳಗೆ ಉಸಿರಾಡಲು ಗಾಳಿ ಇರದು. ಆಫ್ರಿಕನ್ ಕ್ಯಾಟ್‌ಫಿಶ್ ಎಂಬ ಮೀನಿನ ಸಾಕಣೆಗೆ ನಿಷೇಧವಿದೆ. ಅದು ಕೆರೆಗೆ ಹೊಕ್ಕರೆ ಸಿಗಡಿಯನ್ನಷ್ಟೇ ಅಲ್ಲ, ಸಿಕ್ಕದ್ದನ್ನೆಲ್ಲ ತಿನ್ನುವದು.

ಊರು ಮಾಡಬಹುದಾದದ್ದು

ಸಮುದ್ರದಲ್ಲಿ ಬಲೆಯ ಕಣ್ಣು ದೊಡ್ಡದಿರಲಿ, ಎಳೆಯವು ಪಾರಾಗಲಿ ಎಂದು ನಿಯಮ ಮಾಡುವರು. ಎರಡು ಅಂಗುಲದ ಸಿಗಡಿಗೆ ಆ ನಿಯಮ ಪೂರ್ತಿ ಒಪ್ಪುವದಿಲ್ಲ. ದೊಡ್ಡ ಕಣ್ಣಿನಲ್ಲಿ ಎಳೆಯದೂ ಬೆಳೆದದ್ದೂ ಎರಡೂ ಪಾರು. ಸಣ್ಣ ಕಣ್ಣಿನ ಸೊಳ್ಳೆ ಪರದೆಯನ್ನು ಎಳೆದರೆ ಕಟ್ಲಾ ರೋಹು ಮರಿಗಳೂ ಸಾಯುವವು. ಅದಕ್ಕಾಗಿ ಬಲೆಗಿಂತ ಜಾಗಕ್ಕೂ ಕಾಲಕ್ಕೂ ಕಟ್ಟು ಮಾಡುವದು ಲೇಸು. ಮಿರಗ ಮಳೆಯಿಂದ ಎರಡು ತಿಂಗಳು, ಹೆಚ್ಚು ಹೆಣ್ಣುಗಳು ತತ್ತಿ ಹೊರುವ ಕಾಲದಲ್ಲಿ, ದಂಡೆಯ ಜೊಂಡಿನಲ್ಲಿ ಯಾರೂ ಬಲೆ ಎಳೆಯಬಾರದು. ಉಳಿದ ಕಾಲದಲ್ಲಿ ಬಿದಿರಿನ ಕೂಳಿಯಿಟ್ಟು ಹಿಡಿದರೆ ಸಿಗಡಿ ಜೀವಂತ ಸಿಗುವದು, ಹೊಟ್ಟೆಯ ಕೆಳಗೆ ತತ್ತಿಯ ಗೊಂಚಲು ಕಂಡದ್ದನ್ನು ಮರಳಿ ನೀರಿಗೆ ಬಿಡಬಹುದು.

ಒಂದು ಮಾತನ್ನು ಬಿಚ್ಚಿ ಹೇಳುವೆನು. ಸೀರೆಯ ಸೆರಗಿನಲ್ಲಿ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಹಿಡಿಯುವ ತಾಯಂದಿರಿಂದ ಕೆರೆ ಬರಿದಾಗುವದಿಲ್ಲ. ಕೂಲಿ ಇಲ್ಲದ ಬೇಸಿಗೆಯಲ್ಲಿ ಆ ಮನೆಗಳಿಗೆ ಅದು ಬೇಕೇ ಬೇಕು. ಕೆರೆ ಬರಿದಾಗುವದು ಗುತ್ತಿಗೆಯ ಕೊನೆಯ ವರ್ಷ ಡೀಜಲ್ ಪಂಪು ತಂದು ಮಡುವಿನ ನೀರನ್ನೇ ಹೊರಗೆ ಎತ್ತಿ, ಕೆಸರಿನಲ್ಲಿ ಒದ್ದಾಡುವದನ್ನೆಲ್ಲ ಬಾಚಿ ಗಾಡಿಗೆ ತುಂಬಿದಾಗ. ಗುತ್ತಿಗೆದಾರನನ್ನು ಬೈದು ಪ್ರಯೋಜನವಿಲ್ಲ. ಮುಂದಿನ ವರ್ಷ ಕೆರೆ ತನ್ನದಲ್ಲವೆಂದ ಮೇಲೆ ಆತನು ಯಾರಿಗಾಗಿ ಉಳಿಸಬೇಕು? ಲೀಲಾವಿನ ಕರಾರು ಹಾಗೆ ಬರೆದದ್ದು ನಮ್ಮ ತಪ್ಪು.

ಗ್ರಾಮ ಪಂಚಾಯತಿಯ ವಶದಲ್ಲಿರುವ ಕೆರೆಗಳಲ್ಲಿ ಇದನ್ನು ತಿದ್ದುವದು ಊರವರಿಗೆ ಸಾಧ್ಯ. ಲೀಲಾವು ಆಗುವ ಮೊದಲೇ ಗ್ರಾಮಸಭೆಯಲ್ಲಿ ಠರಾವು ಮಾಡಿ ಕರಾರಿನಲ್ಲಿ ಹೀಗೆ ಸೇರಿಸಬೇಕು: ತೂಬಿನ ಮುಂದಿನ ತಗ್ಗಿನಲ್ಲಿ ಕಲ್ಲು ನೆಟ್ಟು ತೋರಿಸಿದ ಗುರುತಿಗಿಂತ ನೀರು ಕೆಳಗಿಳಿದ ಮೇಲೆ ಬಲೆ ಇಳಿಸತಕ್ಕದ್ದಲ್ಲ, ಪಂಪು ಹಚ್ಚತಕ್ಕದ್ದಲ್ಲ. ಹೂಳು ತೆಗೆಯುವ ಕೆಲಸ ಬಂದಾಗ ಇಡೀ ತಳವನ್ನು ಸಪಾಟು ಮಾಡದೆ ಆ ತಗ್ಗನ್ನು ಒಂದಾಳು ಆಳ ಹೆಚ್ಚು ತೋಡಿಸಿದರೆ ಬರದ ವರ್ಷದಲ್ಲಿಯೂ ಅಲ್ಲಿ ನೀರು ನಿಲ್ಲುವದು, ದನಗಳಿಗೂ ಆಗುವದು. ಕಲ್ಲನ್ನು ಎಲ್ಲಿ ನೆಡಬೇಕೆಂಬದನ್ನು ಮಾತ್ರ ಕಾಗದದ ಮೇಲೆ ನಿರ್ಧರಿಸಬೇಡಿರಿ. ಕೆರೆ ಬತ್ತಿದಾಗ ಅದರ ತಳವನ್ನು ನಡೆದು ಬಲ್ಲ ನಾಲ್ಕು ಮಂದಿ ಹಿರಿಯರನ್ನೂ ಅಲ್ಲಿ ಬಲೆ ಹಾಕುವವರನ್ನೂ ಕರೆದುಕೊಂಡು ಹೋಗಿ, ಮೇ ತಿಂಗಳಲ್ಲಿಯೇ ನೋಡಿ ನೆಡಿರಿ.